ಒಳ್ಳೆಯವರು ಪೆದ್ದರೇ? ಲೆಕ್ಕ ಬೇರೇನೋ ಹೇಳುತ್ತದೆ

ಒಬ್ಬರನ್ನು ಹೊಗಳುತ್ತಲೇ ಬದಿಗೆ ತಳ್ಳುವುದು ನಮಗೆ ಚೆನ್ನಾಗಿ ಗೊತ್ತು. ‘ಮನುಷ್ಯ ತುಂಬಾ ಒಳ್ಳೆಯವನು, ಆದರೆ...’ ಅಂತ ಮಾತು ಶುರುವಾಗುತ್ತದೆ. ಮುಂದಿನದನ್ನು ಯಾರೂ ಹೇಳಿಕೊಡಬೇಕಿಲ್ಲ. ವ್ಯವಹಾರ ತಿಳಿಯದು, ಯಾರು ಬೇಕಾದರೂ ಟೋಪಿ ಹಾಕಬಹುದು, ಈ ಕಾಲಕ್ಕೆ ಆಗಿಬರೋದಿಲ್ಲ. ಅದೇ ಮೀಟಿಂಗಿನಲ್ಲಿ ಎದುರಿನವರ ಮಾತನ್ನು ಅರ್ಧಕ್ಕೇ ತುಂಡರಿಸಿ, ಅವರ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡುವವರನ್ನು ಕಂಡರೆ ‘ತಲೆ ಇದೆ ಕಣ್ರೀ ಅವರಿಗೆ’ ಅನ್ನುತ್ತೇವೆ.

ಈ ಚಾಳಿ ನಮ್ಮವರಿಗಷ್ಟೇ ಇರುವುದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1983ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಪತ್ರಿಕೆಯಲ್ಲಿ ಬಂದಿದ್ದ ಪುಸ್ತಕ ವಿಮರ್ಶೆಗಳನ್ನು ತೆಗೆದುಕೊಂಡು, ಅಲ್ಲಲ್ಲಿ ಪದ ಬದಲಿಸಿ, ಹೊಗಳುವ ರೂಪದಲ್ಲೂ ತೆಗಳುವ ರೂಪದಲ್ಲೂ ಓದಲು ಕೊಟ್ಟರು. ತೆಗಳಿ ಬರೆದವರೇ ಜಾಸ್ತಿ ಬುದ್ಧಿವಂತರು, ವಿಷಯ ಬಲ್ಲವರು ಅಂತ ಓದಿದವರಿಗೆ ಅನಿಸಿತು. ಅಂಥವರು ಇಷ್ಟವಾಗಲಿಲ್ಲ, ಅದು ಬೇರೆ ಮಾತು. ಬರಹದ ಸರಕು ಹೆಚ್ಚುಕಮ್ಮಿ ಅದೇ ಇತ್ತು. ಬದಲಾಗಿದ್ದು ಕಹಿ ಮಾತ್ರ.

ಹಾಗಾದರೆ ಕಹಿ ಇದ್ದಲ್ಲಿ ನಿಜಕ್ಕೂ ಬುದ್ಧಿ ಇರುತ್ತದಾ? ಓಲ್ಗಾ ಸ್ತಾವ್ರೋವಾ ಮತ್ತು ಡೇನಿಯಲ್ ಎಹ್ಲೆಬ್ರಾಕ್ಟ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಇದಕ್ಕೆ ಉತ್ತರ ಹುಡುಕಿದರು. ‘ಎಲ್ಲರೂ ಸ್ವಾರ್ಥಿಗಳೇ, ಯಾರನ್ನೂ ನಂಬಬೇಡ’ ಎನ್ನುವ ಸಿನಿಕರು ತಲೆ ಓಡಿಸುವ ಕೆಲಸದಲ್ಲಿ ಮುಂದಿರುತ್ತಾರೆ ಅಂತಲೇ ಜನ ನಂಬಿದ್ದರು. ಆದರೆ 30 ದೇಶಗಳ ಸುಮಾರು 2 ಲಕ್ಷ ಜನರ ಮಾಹಿತಿ ನೋಡಿದಾಗ ಸಿಕ್ಕಿದ್ದು ತಿರುಗುಮುರುಗು. ಸಿನಿಕರು ಇಂಥ ಪರೀಕ್ಷೆಗಳಲ್ಲಿ ಹಿಂದೆಯೇ ಇದ್ದರು. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಸಾಮರ್ಥ್ಯ ಇರುವವರು ಕಣ್ಣು ಮುಚ್ಚಿ ಎಲ್ಲರನ್ನೂ ನಂಬುವವರಲ್ಲ. ಅನುಮಾನಪಡಲೇಬೇಕಾದ ಸಮಾಜದಲ್ಲಿ ಅವರೂ ಅನುಮಾನಪಡುತ್ತಾರೆ, ಬೇಡವಾದ ಕಡೆ ಬಿಡುತ್ತಾರೆ. ಉಳಿದವರಿಗೆ ಎಲ್ಲ ಕಡೆಯೂ ಒಂದೇ ಬಾಗಿಲು, ಒಂದೇ ಬೀಗ.

ಆದರೆ ಇಷ್ಟಕ್ಕೇ ‘ಒಳ್ಳೆಯವರೆಲ್ಲ ಜಾಣರು’ ಅಂತ ವಾಟ್ಸಾಪ್ ಸ್ಟೇಟಸ್ ಹಾಕಲು ಹೋಗಬೇಡಿ. ಮನಶ್ಶಾಸ್ತ್ರದಲ್ಲಿ ವ್ಯಕ್ತಿತ್ವವನ್ನು ಅಳೆಯಲು ಐದು ಗುಣಗಳ ಪಟ್ಟಿಯೊಂದು ಬಳಕೆಯಲ್ಲಿದೆ. ಹೊಂದಿಕೊಂಡು ಹೋಗುವ, ಮೃದುವಾಗಿರುವ ಗುಣ ಅದರಲ್ಲೊಂದು. ಈ ಗುಣಕ್ಕೂ ಐಕ್ಯೂಗೂ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ. ಮಹಾ ಬುದ್ಧಿವಂತರಲ್ಲಿ ಕ್ರೂರಿಗಳಿದ್ದಾರೆ, ಶಾಲೆ ಮೆಟ್ಟಿಲು ಹತ್ತದವರಲ್ಲಿ ದೊಡ್ಡ ಮನಸ್ಸಿನವರಿದ್ದಾರೆ. ಇದನ್ನು ತಿಳಿಯಲು ಯಾವ ಅಧ್ಯಯನವೂ ಬೇಕಿಲ್ಲ, ಅಲ್ವಾ? ಹಾಗಾಗಿ ಒಳ್ಳೆಯತನದಲ್ಲಿ ಬುದ್ಧಿಯನ್ನು ಹುಡುಕುವುದಾದರೆ ಪರೀಕ್ಷೆಯ ಅಂಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಆ ಒಳ್ಳೆಯತನ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಬೇಕು. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆಯಲ್ಲಿ ಮನುಷ್ಯರೇ ಇಲ್ಲ. ಬರೀ ಕಂಪ್ಯೂಟರ್ ಪ್ರೋಗ್ರಾಂಗಳು.

ಆಕ್ಸೆಲ್‌ರಾಡ್ ನಡೆಸಿದ ಪಂದ್ಯ

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ರಾಜಕೀಯ ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರು ನಡೆಸಿದ ಒಂದು ವಿಚಿತ್ರ ಪಂದ್ಯದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಆಟ ಸರಳ. ಇಬ್ಬರು ಆಟಗಾರರು. ಪ್ರತಿ ಸುತ್ತಿನಲ್ಲೂ ಇಬ್ಬರ ಮುಂದೆ ಎರಡೇ ದಾರಿ: ಜೊತೆ ಕೊಡುವುದು, ಇಲ್ಲವೇ ಕೈಕೊಡುವುದು. ಎದುರಿನವರು ಯಾವುದನ್ನು ಆರಿಸುತ್ತಾರೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಇಬ್ಬರೂ ಜೊತೆ ಕೊಟ್ಟರೆ ಇಬ್ಬರಿಗೂ 3 ಅಂಕ. ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬರು ಜೊತೆ ಕೊಟ್ಟು ಇನ್ನೊಬ್ಬರು ಕೈಕೊಟ್ಟರೆ, ಕೈಕೊಟ್ಟವರಿಗೆ 5, ನಂಬಿದವರಿಗೆ ಸೊನ್ನೆ.

ಒಂದೇ ಸುತ್ತಿನ ಆಟವಾದರೆ ಲೆಕ್ಕ ಮುಗಿಯಿತು. ಎದುರಿನವರು ಏನೇ ಮಾಡಲಿ, ಕೈಕೊಡುವುದರಲ್ಲೇ ಲಾಭ. ಅವರು ಜೊತೆ ಕೊಟ್ಟಿದ್ದರೆ ನಿಮಗೆ 3ರ ಬದಲು 5. ಕೈಕೊಟ್ಟಿದ್ದರೆ ಸೊನ್ನೆಯ ಬದಲು 1. ಅವರೂ ಇದೇ ಲೆಕ್ಕ ಹಾಕುತ್ತಾರೆ. ಕೊನೆಗೆ ಇಬ್ಬರು ಜಾಣರೂ ಒಂದೊಂದು ಅಂಕ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ತಲಾ 3 ಅಂಕ ಎದುರಿಗೇ ಬಿದ್ದಿತ್ತು ಅನ್ನುವುದು ತಮಾಷೆ. ‘ಪ್ರಿಸನರ್ಸ್ ಡಿಲೆಮಾ’ ಅಂತ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಓದುವುದು ಇದನ್ನೇ.

ಆಕ್ಸೆಲ್‌ರಾಡ್ ಒಂದು ಬದಲಾವಣೆ ಮಾಡಿದರು. ಒಂದೊಂದು ಜೋಡಿಯೂ 200 ಸುತ್ತು ಆಡಬೇಕು. ಹಿಂದಿನ ಸುತ್ತುಗಳಲ್ಲಿ ಏನಾಯಿತು ಅನ್ನುವುದು ನೆನಪಿರುತ್ತದೆ. ಈ ಆಟದ ಬಗ್ಗೆ ಅಧ್ಯಯನ ಮಾಡಿದ್ದ ಪರಿಣತರಿಗೆ, ‘ನಿಮ್ಮ ತಂತ್ರವನ್ನು ಪ್ರೋಗ್ರಾಂ ಬರೆದು ಕಳಿಸಿ’ ಅಂದರು. 14 ಪ್ರೋಗ್ರಾಂಗಳು ಬಂದವು. ಲಾಟರಿ ಹಾಗೆ ಮನಸ್ಸಿಗೆ ಬಂದಂತೆ ಆಡುವ ಇನ್ನೊಂದನ್ನೂ ಸೇರಿಸಿ ಎಲ್ಲವನ್ನೂ ಒಂದರ ವಿರುದ್ಧ ಒಂದು ಆಡಿಸಿದರು.

ಗೆದ್ದಿದ್ದು ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಟೊರಾಂಟೊ ವಿಶ್ವವಿದ್ಯಾಲಯದ ಅನಟೋಲ್ ರಪೋಪೋರ್ಟ್ ಕಳಿಸಿದ್ದು. ಹೆಸರು ‘ಟಿಟ್ ಫಾರ್ ಟ್ಯಾಟ್’. ನಮ್ಮ ಮಾತಿನಲ್ಲಿ ಮುಯ್ಯಿಗೆ ಮುಯ್ಯಿ. ಮೊದಲ ಸುತ್ತಿನಲ್ಲಿ ಜೊತೆ ಕೊಡು. ಆಮೇಲೆ ಎದುರಿನವರು ಹಿಂದಿನ ಸುತ್ತಿನಲ್ಲಿ ಮಾಡಿದ್ದನ್ನೇ ನೀನೂ ಮಾಡು. ಮುಗಿಯಿತು, ಅಷ್ಟೇ ತಂತ್ರ.

ನನಗೆ ಗೆದ್ದವರ ಹೆಸರಿಗಿಂತ ಅಂಕಪಟ್ಟಿ ಇಷ್ಟ. ತಾವಾಗಿ ಮೊದಲು ಕೈಕೊಡದ ಪ್ರೋಗ್ರಾಂಗಳಿಗೆ ಆಕ್ಸೆಲ್‌ರಾಡ್ ‘ಒಳ್ಳೆಯವು’ ಅಂತ ಹೆಸರಿಟ್ಟರು. ಪಟ್ಟಿಯ ಮೊದಲ ಎಂಟೂ ಒಳ್ಳೆಯವು! ಒಂದೊಂದು ಆಟಕ್ಕೆ ಅವುಗಳ ಸರಾಸರಿ ಅಂಕ 472ರಿಂದ 504ರವರೆಗೆ ಇತ್ತು. ಮೊದಲು ಕೈಕೊಡಲು ಹೇಸದ ಪ್ರೋಗ್ರಾಂಗಳಲ್ಲಿ ಅತ್ಯುತ್ತಮ ಅನಿಸಿಕೊಂಡದ್ದಕ್ಕೆ ಸಿಕ್ಕಿದ್ದು 401. ಮಧ್ಯೆ ಅಷ್ಟು ದೊಡ್ಡ ಕಂದಕ.

ಯಾಕೆ ಹೀಗಾಯಿತು? ಜಾಸ್ ಎಂಬ ಒಂದು ಪ್ರೋಗ್ರಾಂ ನೋಡಿದರೆ ಗೊತ್ತಾಗುತ್ತದೆ. ಅದು ಹೆಚ್ಚುಕಮ್ಮಿ ಮುಯ್ಯಿಗೆ ಮುಯ್ಯಿಯಂತೆಯೇ ಆಡುತ್ತಿತ್ತು. ಆದರೆ ಹತ್ತರಲ್ಲಿ ಒಂದು ಸಲ, ಎದುರಿನವರು ಜೊತೆ ಕೊಟ್ಟಿದ್ದರೂ ಸದ್ದಿಲ್ಲದೆ ಕೈಕೊಡುತ್ತಿತ್ತು. ಸುಮ್ನೆ ಸ್ವಲ್ಪ ಮೇಲುಸಂಪಾದನೆ ಅಂತಿಟ್ಟುಕೊಳ್ಳಿ. ಟಿಟ್ ಫಾರ್ ಟ್ಯಾಟ್ ಅದಕ್ಕೆ ತಿರುಗಿ ಕೊಟ್ಟಿತು. ಜಾಸ್ ಅದಕ್ಕೂ ತಿರುಗಿ ಕೊಟ್ಟಿತು. ಸ್ವಲ್ಪ ಹೊತ್ತಿಗೆ ಇಬ್ಬರ ನಡುವೆ ನಂಬಿಕೆ ಅನ್ನುವುದೇ ಉಳಿಯಲಿಲ್ಲ. ಕೊನೆಗೆ ಜಾಸ್‌ಗೆ 241, ಟಿಟ್ ಫಾರ್ ಟ್ಯಾಟ್‌ಗೆ 236. ‘ನೋಡಿ, ಮೋಸಗಾರನೇ ಗೆದ್ದ’ ಅನ್ನಬಹುದು. ಆದರೆ ಇಬ್ಬರೂ 200 ಸುತ್ತು ನೆಟ್ಟಗೆ ಆಡಿದ್ದರೆ ತಲಾ 600 ಸಿಗುತ್ತಿತ್ತು. ಐದು ಅಂಕದ ಗೆಲುವಿಗೆ 359 ಅಂಕ ಕಳೆದುಕೊಂಡ ಜಾಣ ಅವನು. ಹಿಸ್ಸೆ ಜಗಳಕ್ಕೆ ಕೋರ್ಟು ಹತ್ತಿ, ಕೇಸು ಗೆದ್ದು, ಅಷ್ಟರಲ್ಲಿ ಜಮೀನನ್ನೇ ಮಾರಿಕೊಂಡವರ ಕತೆ ನಮ್ಮಲ್ಲಿ ಯಾವ ಊರಿನಲ್ಲಿಲ್ಲ ಹೇಳಿ?

ಟಿಟ್ ಫಾರ್ ಟ್ಯಾಟ್ ಎದುರಾಳಿಗಿಂತ ಹೆಚ್ಚು ಅಂಕ ಒಂದೇ ಒಂದು ಆಟದಲ್ಲೂ ಪಡೆಯಲಿಲ್ಲ. ಪಡೆಯಲು ಸಾಧ್ಯವೂ ಇಲ್ಲ. ಎದುರಿನವರಿಗಿಂತ ಹೆಚ್ಚು ಸಲ ಯಾವತ್ತೂ ಕೈಕೊಡದವರು ಅವರಿಗಿಂತ ಮೇಲೆ ಹೋಗುವುದು ಹೇಗೆ? ಪ್ರತಿ ಆಟದಲ್ಲೂ ಸಮ, ಇಲ್ಲವೇ ಚೂರು ಹಿಂದೆ. ಆದರೂ ಇಡೀ ಪಂದ್ಯ ಗೆದ್ದಿತು, ಯಾಕೆಂದರೆ ಅದು ಆಡಿದ ಕಡೆಯೆಲ್ಲ ಇಬ್ಬರಿಗೂ ಅಂಕ ಹುಟ್ಟುತ್ತಿತ್ತು. ಪಕ್ಕದವರನ್ನು ಸೋಲಿಸುವುದೇ ಗೆಲುವು ಅಂದುಕೊಂಡವರಿಗೆ ಈ ಲೆಕ್ಕ ಸುಲಭಕ್ಕೆ ಹೊಳೆಯುವುದಿಲ್ಲ.

ಫಲಿತಾಂಶ ಎಲ್ಲರಿಗೂ ತಿಳಿಸಿ ಆಕ್ಸೆಲ್‌ರಾಡ್ ಎರಡನೇ ಪಂದ್ಯ ಕರೆದರು. ಈ ಸಲ ಆರು ದೇಶಗಳಿಂದ 62 ಪ್ರೋಗ್ರಾಂ ಬಂದವು. ಕಳಿಸಿದವರಲ್ಲಿ ಪ್ರಾಧ್ಯಾಪಕರೂ ಇದ್ದರು, ಹತ್ತು ವರ್ಷದ ಒಂದು ಮಗುವೂ ಇತ್ತು. ಟಿಟ್ ಫಾರ್ ಟ್ಯಾಟನ್ನು ಮಣಿಸಬೇಕು ಅಂತಲೇ ಹಲವರು ಬರೆದಿದ್ದರು. ಮತ್ತೆ ಅದೇ ಗೆದ್ದಿತು. ಮೊದಲ 15 ಸ್ಥಾನಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಒಳ್ಳೆಯವೇ.

ಇಲ್ಲಿ ಒಳ್ಳೆಯತನ ಅಂದರೆ ಕೆನ್ನೆ ಒಡ್ಡಿಕೊಂಡು ನಿಲ್ಲುವುದಲ್ಲ ಅನ್ನುವುದನ್ನು ಗಮನಿಸಿ. ಏನೇ ಆದರೂ ಜೊತೆ ಕೊಡುತ್ತಲೇ ಇರುವ ಪ್ರೋಗ್ರಾಂ ಇದ್ದಿದ್ದರೆ ಮೋಸಗಾರರಿಗೆ ಹಬ್ಬ. ಟಿಟ್ ಫಾರ್ ಟ್ಯಾಟ್ ಏಟಿಗೆ ಏಟು ಕೊಡುತ್ತದೆ, ಅದೂ ತಕ್ಷಣ. ಎದುರಿನವರು ದಾರಿಗೆ ಬಂದರೆ ಅಲ್ಲಿಗೇ ಮರೆತುಬಿಡುತ್ತದೆ, ಹಳೇ ಲೆಕ್ಕ ತೆಗೆಯುವುದಿಲ್ಲ. ನಮ್ಮಲ್ಲಿ ‘ಒಳ್ಳೆಯವರು’ ಅಂತ ಬಳಲಿ ಹೋಗುವವರು ಹೆಚ್ಚಾಗಿ ಏಟು ಕೊಡುವ ಭಾಗವನ್ನು ಬಿಟ್ಟವರು. ‘ಗಟ್ಟಿಗರು’ ಅನ್ನಿಸಿಕೊಂಡವರು ಮರೆಯುವ ಭಾಗವನ್ನು ಬಿಟ್ಟವರು.

ನಿಜ ಜೀವನದಲ್ಲಿ ಮಾತು ತಪ್ಪಾಗಿ ಕೇಳಿಸುತ್ತದೆ, ಮೆಸೇಜು ತಲುಪುವುದಿಲ್ಲ, ಬೇಕಂತ ಮಾಡದ್ದು ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ಇಂಥ ಗೊಂದಲ ಸೇರಿಸಿದರೆ ಟಿಟ್ ಫಾರ್ ಟ್ಯಾಟ್ ಎಡವುತ್ತದೆ. ಒಂದು ಆಕಸ್ಮಿಕಕ್ಕೆ ಎರಡು ಕಡೆಯವರೂ ಸೇಡಿನ ಸರದಿ ಶುರು ಮಾಡುತ್ತಾರೆ. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1992ರಲ್ಲಿ ತೋರಿಸಿದ್ದು ಇದನ್ನೇ. ಇಂಥ ಕಡೆ ಇನ್ನೂ ಸ್ವಲ್ಪ ಉದಾರಿಯಾದ ತಂತ್ರ ಬೇಕು. ಇದೇ ಅಂಕಗಳ ಆಟವಾದರೆ, ಮೂರು ಸಲ ಕೈಕೊಟ್ಟಾಗ ಸುಮಾರು ಒಂದು ಸಲ ಕಂಡೂ ಕಾಣದಂತೆ ಬಿಟ್ಟುಬಿಡುವುದು ಸರಿಯಾದ ಪ್ರಮಾಣ. ಕ್ಷಮೆಗೂ ಗಣಿತ ಒಂದು ಅಳತೆ ಕೊಡುತ್ತದೆ ಅನ್ನುವುದು ನನಗೆ ಈಗಲೂ ಬೆರಗು.

ಇದೆಲ್ಲ ನಡೆಯಲು ಒಂದು ಷರತ್ತಿದೆ. ಮತ್ತೆ ಎದುರಾಗುತ್ತೇವೆ ಅನ್ನುವ ಖಾತ್ರಿ ಇರಬೇಕು. ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ಹಾಕಿಕೊಂಡ ಕಿರಾಣಿ ಅಂಗಡಿಯವರೇ ಗುರುತಿನ ಮನೆಯವರಿಗೆ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾರೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅದು ಆಗದು. ಮೊದಲ ಮಹಾಯುದ್ಧದ ಕಂದಕಗಳಲ್ಲೂ ಇದೇ ಕಂಡಿತ್ತು. ವಾರಗಟ್ಟಲೆ ಅದೇ ಶತ್ರು ಪಡೆಯ ಎದುರು ಕೂತ ಸೈನಿಕರು, ಒಬ್ಬರಿಗೊಬ್ಬರು ಮಾತೇ ಆಡದೆ, ‘ನೀನು ಊಟದ ಹೊತ್ತಿಗೆ ಗುಂಡು ಹಾರಿಸಬೇಡ, ನಾನೂ ಹಾರಿಸಲ್ಲ’ ಅನ್ನುವ ಹೊಂದಾಣಿಕೆಗೆ ಬಂದಿದ್ದರು. ಮೇಲಧಿಕಾರಿಗಳಿಗೆ ಅದು ತಲೆನೋವಾಯಿತು. ಕಂದಕದಿಂದ ಹೊರಟು ದಾಳಿ ಮಾಡಲೇಬೇಕು ಅಂತ ಆಜ್ಞೆ ಬಂದ ಮೇಲೆ ಆ ಹೊಂದಾಣಿಕೆ ಮುರಿಯಿತು.

ಲೆಕ್ಕ ಮುಗಿದ ಮೇಲೆ

ಓದುತ್ತಿರುವವರಿಗೆ ಇಷ್ಟು ಹೊತ್ತಿಗೆ ಒಂದು ಅನುಮಾನ ಬಂದಿರಬೇಕು. ಲಾಭ ಇದೆ ಅಂತ ಒಳ್ಳೆಯವರಾದರೆ ಅದೆಂಥ ಒಳ್ಳೆಯತನ? ಅದು ವ್ಯಾಪಾರ. ಈ ಅನುಮಾನ ಸರಿಯಾದದ್ದೇ. ಪಂದ್ಯ ತೋರಿಸುವುದು ಒಳ್ಳೆಯವರು ಪೆದ್ದರಲ್ಲ ಅನ್ನುವುದನ್ನು ಮಾತ್ರ. ಗುಣ ಅನ್ನುವುದು ಕಾಣಬೇಕಾದರೆ, ಮತ್ತೆ ಎದುರಾಗದ, ಯಾರೂ ನೋಡದ ಜಾಗಕ್ಕೆ ಹೋಗಬೇಕು.

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅಲ್ಲಿಗೇ ಹೋಯಿತು. 40 ದೇಶಗಳ 355 ಊರುಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರುಗಳಲ್ಲಿ ಕೊಟ್ಟರು. ‘ರಸ್ತೆಯಲ್ಲಿ ಸಿಕ್ಕಿತು, ನನಗೆ ಹೊತ್ತಾಯಿತು, ನೀವೇ ನೋಡಿಕೊಳ್ಳಿ’ ಅಂತ ಹೇಳಿ ಹೊರಟುಬಿಟ್ಟರು. ಭಾರತವೂ ಪಟ್ಟಿಯಲ್ಲಿತ್ತು. ಪಾರದರ್ಶಕ ಪರ್ಸಿನಲ್ಲಿ ಒಂದು ಕೀಲಿಕೈ, ದಿನಸಿ ಚೀಟಿ, ಇ-ಮೇಲ್ ವಿಳಾಸ ಇದ್ದ ಕಾರ್ಡು. ಕೆಲವುದರಲ್ಲಿ ಮಾತ್ರ ದುಡ್ಡು. ದುಡ್ಡಿದ್ದ ಪರ್ಸು ವಾಪಸ್ ಬರುವುದು ಕಡಿಮೆ ಅಂತ ಅರ್ಥಶಾಸ್ತ್ರಜ್ಞರೂ ಸೇರಿ ಹಲವರು ಊಹಿಸಿದ್ದರು. ಆಗಿದ್ದು ಉಲ್ಟಾ. ದುಡ್ಡಿಲ್ಲದ ಪರ್ಸಿನ ವಾರಸುದಾರರನ್ನು ಸಂಪರ್ಕಿಸಿದವರು ಶೇ 40, ದುಡ್ಡಿದ್ದ ಪರ್ಸಿಗೆ ಶೇ 51. ಅಮೆರಿಕ, ಬ್ರಿಟನ್, ಪೋಲೆಂಡ್‌ಗಳಲ್ಲಿ ಇನ್ನೂ ಜಾಸ್ತಿ ದುಡ್ಡಿಟ್ಟು ನೋಡಿದರು. ಅಲ್ಲಿ ಶೇ 72ಕ್ಕೆ ಏರಿತು.

ಕೀಲಿಕೈ ತೆಗೆದಾಗ ಏನಾಯಿತು ಅನ್ನುವುದು ನನಗೆ ಇನ್ನೂ ಮುಖ್ಯ. ವಾಪಸ್ ಮಾಡುವವರು ಕಡಿಮೆಯಾದರು. ಕೀಲಿಕೈಯಿಂದ ಸಿಕ್ಕವರಿಗೆ ಏನೂ ಲಾಭವಿಲ್ಲ, ಕಳೆದುಕೊಂಡವರಿಗೆ ಮಾತ್ರ ಅದು ಬೇಕು. ಅಂದರೆ ‘ಪಾಪ, ಅವರಿಗೆ ಕಷ್ಟವಾಗುತ್ತೆ’ ಅನ್ನುವ ಯೋಚನೆ ಎಲ್ಲೋ ಒಳಗೆ ಓಡುತ್ತಿತ್ತು. ಅದರ ಜೊತೆಗೆ, ದುಡ್ಡು ಜಾಸ್ತಿಯಾದಷ್ಟೂ ‘ಇಟ್ಟುಕೊಂಡರೆ ನಾನು ಕಳ್ಳನೇ’ ಅನ್ನುವುದು ಜಾಸ್ತಿ ಚುಚ್ಚುತ್ತದೆ. ತನ್ನನ್ನು ತಾನು ಏನಂದುಕೊಂಡಿದ್ದೇನೆ ಅನ್ನುವ ಲೆಕ್ಕ ಇದು. ಇದಕ್ಕೆ ಎದುರಾಳಿ ಬೇಕಿಲ್ಲ.

ಬೇರೆಯವರಿಗೆ ಏನು ಬೇಕು ಅಂತ ಕಂಡುಕೊಳ್ಳುವುದು ಸಣ್ಣ ಕೆಲಸವಲ್ಲ. ಬೆಟ್ಟಿ ರೆಪಾಕೊಲಿ ಮತ್ತು ಆಲಿಸನ್ ಗಾಪ್ನಿಕ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಬಿಸ್ಕತ್ತಿನಂಥ ಕುರುಕಲು, ಇನ್ನೊಂದರಲ್ಲಿ ಹಸಿ ಬ್ರಾಕೊಲಿ. ಮಕ್ಕಳಿಗೆ ಕುರುಕಲೇ ಇಷ್ಟ. ದೊಡ್ಡವರು ಮಾತ್ರ ಬ್ರಾಕೊಲಿ ತಿಂದು ‘ಆಹಾ’ ಅಂದು, ಕುರುಕಲು ತಿಂದು ಮುಖ ಕಿವುಚಿದರು. ಆಮೇಲೆ ಕೈ ಚಾಚಿ ‘ನಂಗೂ ಕೊಡು’ ಅಂದರು. 14 ತಿಂಗಳ ಮಕ್ಕಳು ತಮಗಿಷ್ಟವಾದ ಕುರುಕಲನ್ನೇ ಕೊಟ್ಟವು. 18 ತಿಂಗಳ ಮಕ್ಕಳು ಬ್ರಾಕೊಲಿ ಕೊಟ್ಟವು.

ಎರಡೂ ಗುಂಪಿನ ಮಕ್ಕಳ ಮನಸ್ಸೂ ಒಳ್ಳೆಯದೇ. ನಡುವಿನ ನಾಲ್ಕು ತಿಂಗಳಲ್ಲಿ ಬೆಳೆದದ್ದು ಬುದ್ಧಿ: ನನಗೆ ಇಷ್ಟವಾದದ್ದು ಅವರಿಗೆ ಇಷ್ಟವಾಗಬೇಕಿಲ್ಲ ಅನ್ನುವ ತಿಳಿವಳಿಕೆ. ಸಕ್ಕರೆ ಕಾಯಿಲೆಯವರ ಎಲೆಗೆ ‘ಒಂದೇ ಒಂದು, ಏನೂ ಆಗಲ್ಲ’ ಅಂತ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿಯುವವರು ಪ್ರೀತಿಯಲ್ಲಿ ಕಡಿಮೆಯಿಲ್ಲ. ಆದರೆ ಅವರು ಇನ್ನೂ 14 ತಿಂಗಳಲ್ಲೇ ಇದ್ದಾರೆ.

ಹಾಗಂತ ಬೇರೆಯವರ ಮನಸ್ಸು ಓದಲು ಬಂದರೆ ಸಾಕಾ? ಇಂಗ್ಲೆಂಡಿನಲ್ಲಿ 7ರಿಂದ 10 ವರ್ಷದ ಮಕ್ಕಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ತಣ್ಣೀರು ಎರಚಿತು. ಶಾಲೆಯಲ್ಲಿ ಬೇರೆ ಮಕ್ಕಳನ್ನು ಗೋಳು ಹುಯ್ದುಕೊಳ್ಳುವ ಗುಂಪಿನ ನಾಯಕರು ದಡ್ಡರಾಗಿರಲಿಲ್ಲ. ಕತೆ ಕೇಳಿ ಪಾತ್ರಗಳ ಮನಸ್ಸಿನಲ್ಲೇನಿದೆ ಅಂತ ಹೇಳುವ ಪರೀಕ್ಷೆಯಲ್ಲಿ ಅವರು ತಮ್ಮ ಹಿಂಬಾಲಕರಿಗಿಂತ, ಏಟು ತಿಂದ ಮಕ್ಕಳಿಗಿಂತ ಮುಂದಿದ್ದರು. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಗೊತ್ತಿದ್ದವರೇ ಚೆನ್ನಾಗಿ ಚುಚ್ಚುತ್ತಾರೆ. ತಿಳಿವಳಿಕೆಯನ್ನು ಯಾವ ಕಡೆ ತಿರುಗಿಸುತ್ತಾರೆ ಅನ್ನುವುದು ಗುಣದ ವಿಷಯ. ಬುದ್ಧಿ ಮತ್ತು ಗುಣ ಎರಡೂ ಸೇರದೆ ಒಳ್ಳೆಯತನ ಪೂರ್ತಿಯಾಗುವುದಿಲ್ಲ ಅಂತ ನಾನು ನಂಬುವುದು ಇದಕ್ಕೇ.

ಒರಟು ಮಾತಿನ ಬೆಲೆ

ಒಂದು ಕೋಣೆಯಲ್ಲಿ ಒಬ್ಬರು ಒರಟಾಗಿ ಮಾತಾಡಿದರೆ ಉಳಿದವರ ಬುದ್ಧಿಗೆ ಏನಾಗುತ್ತದೆ? ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ ವೈದ್ಯರು, ನರ್ಸುಗಳ 24 ತಂಡಗಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ತರಬೇತಿಗಾಗಿ ಒಂದು ಗೊಂಬೆ ಮಗು. ತಿಂಗಳು ತುಂಬದೆ ಹುಟ್ಟಿದ ಅದರ ಆರೋಗ್ಯ ಹದಗೆಡುತ್ತಾ ಹೋಗುತ್ತದೆ. ಏನಾಗಿದೆ ಅಂತ ತಂಡ ಕಂಡುಹಿಡಿದು ಚಿಕಿತ್ಸೆ ಕೊಡಬೇಕು. ಕೆಲವು ತಂಡಗಳಿಗೆ ಒಬ್ಬ ವಿದೇಶಿ ‘ಪರಿಣತ’ರಿಂದ ಕೊಂಕು ಮಾತು ಕೇಳಿಸಿದರು. ಇಲ್ಲಿನ ವೈದ್ಯಕೀಯ ಮಟ್ಟ ತನಗೇನೂ ಹಿಡಿಸಲಿಲ್ಲ ಅನ್ನುವ ಧಾಟಿಯ ಮಾತು. ಬೈಗುಳವಲ್ಲ, ಕೂಗಾಟವಲ್ಲ.

ಅಷ್ಟಕ್ಕೇ ಆ ತಂಡಗಳು ರೋಗ ಪತ್ತೆ ಮಾಡುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ಯಾಕೆಂದರೆ ಅವರು ಒಬ್ಬರಿಗೊಬ್ಬರು ಮಾಹಿತಿ ಹೇಳಿಕೊಳ್ಳುವುದನ್ನೂ, ‘ಸ್ವಲ್ಪ ನೋಡ್ತೀರಾ’ ಅಂತ ಸಹಾಯ ಕೇಳುವುದನ್ನೂ ಕಡಿಮೆ ಮಾಡಿದರು. ಇನ್ನೊಂದು ದಿಕ್ಕಿನಿಂದ ನೋಡಿ: 2010ರಲ್ಲಿ ಅನಿತಾ ವುಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಹಲವು ಕೆಲಸ ಕೊಟ್ಟರು. ಗುಂಪಿನ ಸಾಧನೆಗೆ ಸದಸ್ಯರ ಐಕ್ಯೂ ಹೆಚ್ಚು ಕಾರಣವಾಗಲಿಲ್ಲ. ಎದುರಿನವರ ಮುಖಭಾವ ಓದುವ ಸೂಕ್ಷ್ಮ ಇದ್ದ, ಒಬ್ಬರೇ ಮಾತಾಡದೆ ಎಲ್ಲರಿಗೂ ಸರದಿ ಸಿಕ್ಕ ಗುಂಪುಗಳು ಮುಂದೆ ಬಂದವು. ಮೀಟಿಂಗಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದ ಜಾಣರ ಬಗ್ಗೆ ಈಗ ಏನನಿಸುತ್ತದೆ?

ಆದರೆ ಒಂದು ಸಲ ಸಿಡುಕಿದ್ದನ್ನು ನೋಡಿ ಒಬ್ಬರ ಗುಣವನ್ನು ಅಳೆಯಬಹುದಾ? 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯ ಬಾಗಿಲಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಸಮಯ ಸಾಕಷ್ಟಿದೆ ಅಂದುಕೊಂಡವರಲ್ಲಿ ಶೇ 63 ಜನ ಸಹಾಯ ಮಾಡಿದರು. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಅನ್ನಿಸಿಕೊಂಡವರಲ್ಲಿ ಶೇ 10. ಅವರಲ್ಲಿ ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರಿಯದವನ ಬೈಬಲ್ ಕತೆ. ಆ ವಿಷಯ ತಲೆಯಲ್ಲಿದ್ದರೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ಬಿದ್ದವನನ್ನು ದಾಟಿಕೊಂಡೇ ಹೋದವರೂ ಇದ್ದರು.

ಆ ಹುಡುಗರೆಲ್ಲ ಕೆಟ್ಟವರಾಗಿರಲಿಲ್ಲ. ಅವರಿಗೆ ಹೊತ್ತಾಗಿತ್ತು. ಆಸ್ಪತ್ರೆಯ ಒಪಿಡಿ ಚೀಟಿ ಕೊಡುವ ಕೌಂಟರಿನಲ್ಲೋ, ತಿಂಗಳ ಮೊದಲ ವಾರದ ಬ್ಯಾಂಕಿನಲ್ಲೋ ನಮ್ಮ ಮೇಲೆ ಸಿಡುಕುವವರೂ ಬಹಳ ಸಲ ‘ಆಗಲೇ ತಡವಾಗಿದೆ’ ಅನ್ನಿಸಿಕೊಂಡ ಆ ಗುಂಪಿನ ಒತ್ತಡದಲ್ಲೇ ಇರುತ್ತಾರೆ. ಅವರಿಗೆ ನಯವಾಗಿ ಮಾತಾಡುವ ತರಬೇತಿ ಕೊಡಿಸಲು ಹೊರಡುವ ಮುನ್ನ, ಪಕ್ಕದಲ್ಲಿ ಇನ್ನೊಂದು ಕೌಂಟರ್ ತೆರೆಯಲು ಆಗುತ್ತದಾ ಅಂತ ಮೇಲಿನವರು ನೋಡಬಹುದು.